ಸೇರು ಒಂದು, ಕೊಸರು ಬೇರೆ

ವರ್ನಿಯರ್ ಕ್ಯಾಲಿಪರ್ಸನ್ನು ಮೊದಲ ಸಲ ಕೈಗೆತ್ತಿಕೊಂಡ ವಿದ್ಯಾರ್ಥಿಗೆ ನಾವು ಮೊದಲು ಹೇಳಿಕೊಡುವುದು ಅಳೆಯುವುದನ್ನಲ್ಲ. ಉಪಕರಣದ ಎರಡು ದವಡೆಗಳನ್ನೂ ಕೂಡಿಸಿ, ಮುಖ್ಯಮಾನದ ಸೊನ್ನೆಯೂ ವರ್ನಿಯರ್ ಮಾನದ ಸೊನ್ನೆಯೂ ಒಂದೇ ಗೆರೆಯಲ್ಲಿ ನಿಲ್ಲುತ್ತವೆಯೋ ಇಲ್ಲವೋ ನೋಡು ಎನ್ನುತ್ತೇವೆ. ನಿಲ್ಲದಿದ್ದರೆ ಆ ಅಂತರವನ್ನು ಬರೆದಿಟ್ಟುಕೊಂಡು, ಮುಂದೆ ಪಡೆಯುವ ಪ್ರತಿಯೊಂದು ಅಳತೆಯನ್ನೂ ಅದಕ್ಕನುಸಾರವಾಗಿ ತಿದ್ದಬೇಕು. ಶೂನ್ಯದೋಷವನ್ನು ನೋಡದೆಯೇ ಉಕ್ಕಿನ ಗುಂಡಿನ ವ್ಯಾಸವನ್ನು ದಶಮಾಂಶ ಸ್ಥಾನಗಳ ಸಮೇತ ಬರೆದು ತಂದ ವಿದ್ಯಾರ್ಥಿಯ ಪ್ರಯೋಗಪುಸ್ತಕಕ್ಕೆ ನಾವು ರುಜು ಹಾಕುವುದಿಲ್ಲ. ಆದರೆ ಅದೇ ವಿದ್ಯಾರ್ಥಿಯ ಉತ್ತರಪತ್ರಿಕೆಯು ನಮ್ಮ ಮೇಜಿನ ಮೇಲೆ ಬಂದು ಕುಳಿತಾಗ ಅಳೆಯುವ ಉಪಕರಣ ನಾವೇ ಆಗುತ್ತೇವೆ. ಆ ಉಪಕರಣದ ಸೊನ್ನೆ ಎಲ್ಲಿದೆ ಎಂದು ಕೇಳುವವರು ಯಾರೂ ಇರುವುದಿಲ್ಲ.

ಲೆಕ್ಕದ ಪ್ರಶ್ನೆಗಳಲ್ಲಿ ಈ ತೊಡಕು ಅಷ್ಟಾಗಿ ಇಲ್ಲ. ಮಸೂರದ ಸಂಗಮದೂರ ಹತ್ತು ಸೆಂಟಿಮೀಟರು ಬರಬೇಕಾದಲ್ಲಿ ಹತ್ತೇ ಬಂದಿದ್ದರೆ ತಕರಾರಿಗೆ ಎಡೆಯಿಲ್ಲ. ತೊಡಕಿರುವುದು ‘ವಿವರಿಸಿ’, ‘ಕಾರಣ ಕೊಡಿ’, ‘ಟಿಪ್ಪಣಿ ಬರೆಯಿರಿ’ ಎಂಬ ಪ್ರಶ್ನೆಗಳಲ್ಲಿ. ಅಂದರೆ ವಿದ್ಯಾರ್ಥಿಯು ತಾನೇ ವಾಕ್ಯಗಳನ್ನು ಕಟ್ಟಿ ತನ್ನ ತಿಳಿವನ್ನು ತೋರಿಸಬೇಕಾದ ಕಡೆಗಳಲ್ಲಿ. ನಮ್ಮ ನಾಡಿನ ವಿಜ್ಞಾನ ತರಗತಿಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನವನ್ನು ಓದಿ, ಪದವಿಪೂರ್ವ ತರಗತಿಗೆ ಕಾಲಿಟ್ಟೊಡನೆ ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದ ಹುಡುಗಿ ಒಂದು ಬೆಂಚಿನಲ್ಲಿದ್ದರೆ, ಶಿಶುವಿಹಾರದಿಂದಲೂ ಇಂಗ್ಲಿಷಿನಲ್ಲಿಯೇ ಓದಿದ ಹುಡುಗ ಪಕ್ಕದ ಬೆಂಚಿನಲ್ಲಿರುತ್ತಾನೆ. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಕಾಲಾವಧಿ. ಶಕ್ತಿಯಲ್ಲಿ, ಅಭ್ಯಾಸದಲ್ಲಿ, ಭಾಷೆಯ ಮೇಲಿನ ಹಿಡಿತದಲ್ಲಿ ಇಷ್ಟು ಅಂತರವುಳ್ಳವರ ಬರವಣಿಗೆಗೆ ನ್ಯಾಯವಾಗಿ ಅಂಕ ಕೊಡುವುದು ಹೇಗೆ? ಈ ಪ್ರಶ್ನೆಯನ್ನು ಅಧ್ಯಾಪಕರ ಕೋಣೆಯಲ್ಲಿ ಚರ್ಚಿಸುವುದು ವಾಡಿಕೆ. ವಿದ್ಯಾರ್ಥಿಗಳ ಎದುರಿಗೇ ಚರ್ಚಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಏಕೆಂದರೆ ಅಳತೆಗೆ ಒಳಗಾಗುವವರು ಅವರೇ.

ಪರೀಕ್ಷಕನೆಂಬ ಉಪಕರಣವನ್ನು ಪರೀಕ್ಷಿಸುವ ಕೆಲಸ ಹೊಸದೇನಲ್ಲ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಎಜ್‌ವರ್ತ್ ೧೮೮೮ ಮತ್ತು ೧೮೯೦ರಲ್ಲಿ ಈ ವಿಷಯವಾಗಿ ಲೇಖನಗಳನ್ನು ಪ್ರಕಟಿಸಿದನು. ಲ್ಯಾಟಿನ್ ಗದ್ಯದ ಒಂದೇ ತುಣುಕನ್ನು ೨೮ ಮಂದಿ ಬಲ್ಲವರಿಂದ ಬೆಲೆ ಕಟ್ಟಿಸಿದಾಗ ನೂರಕ್ಕೆ ೪೫ರಿಂದ ಹಿಡಿದು ೧೦೦ರವರೆಗೂ ಅಂಕಗಳು ಬಂದವು. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ೧೯೧೨ರಲ್ಲಿ ಪ್ರೌಢಶಾಲೆಯ ಇಂಗ್ಲಿಷ್ ಉತ್ತರಪತ್ರಿಕೆಗಳ ಪ್ರತಿಗಳನ್ನು ಅನೇಕ ಶಾಲೆಗಳಿಗೆ ಕಳುಹಿಸಿದರು. ೧೪೨ ಅಧ್ಯಾಪಕರು ನೋಡಿದ ಒಂದು ಪತ್ರಿಕೆಗೆ ಬಂದ ಅಂಕಗಳು ೬೪ರಿಂದ ೯೮ರವರೆಗೆ ಹರಡಿಕೊಂಡಿದ್ದವು. ಇದು ಭಾಷಾ ವಿಷಯದ ಚಾಪಲ್ಯ, ಗಣಿತದಲ್ಲಿ ಹೀಗಾಗದು ಎಂದು ಆಕ್ಷೇಪಿಸಿದವರಿಗೆ ಉತ್ತರವಾಗಿ ಅವರು ಮರುವರ್ಷ ರೇಖಾಗಣಿತದ ಪತ್ರಿಕೆಯೊಂದನ್ನು ಕಳುಹಿಸಿದರು. ಅಲ್ಲಿ ಅಂಕಗಳು ೨೮ರಿಂದ ೯೦ಕ್ಕೂ ಮೇಲಕ್ಕೆ ಹರಡಿದವು! ಚಿತ್ರವನ್ನು ಅಚ್ಚುಕಟ್ಟಾಗಿ ಬರೆಯದಿದ್ದುದಕ್ಕೆ ಒಬ್ಬರು ಅಂಕ ಕಳೆದರೆ ಮತ್ತೊಬ್ಬರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸಾಧನೆಯ ಹಾದಿಯನ್ನಷ್ಟೇ ನೋಡಬಹುದು. ಗಣಿತವಾದ ಮಾತ್ರಕ್ಕೆ ಈ ಭೇದ ತಪ್ಪದು.

ಇವೆಲ್ಲಕ್ಕಿಂತ ನಮ್ಮನ್ನು ಹೆಚ್ಚಾಗಿ ತಡೆದು ನಿಲ್ಲಿಸುವ ಪ್ರಯೋಗವು ಸರ್ ಫಿಲಿಪ್ ಹಾರ್ಟಾಗ್ ಮತ್ತು ರೋಡ್ಸ್ ೧೯೩೫ರಲ್ಲಿ ಪ್ರಕಟಿಸಿದ್ದು. ಈ ಹಾರ್ಟಾಗ್ ನಮ್ಮ ದೇಶಕ್ಕೂ ಪರಿಚಿತರೇ. ಢಾಕಾ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳು, ಭಾರತದ ಶಿಕ್ಷಣವನ್ನು ಕುರಿತ ೧೯೨೯ರ ವರದಿಗೆ ಹೆಸರು ಕೊಟ್ಟವರು. ಮೊದಲು ಒಂದೇ ಅಂಕ ಪಡೆದಿದ್ದ ೧೫ ಇತಿಹಾಸದ ಉತ್ತರಪತ್ರಿಕೆಗಳನ್ನು ಅನುಭವಿಗಳಾದ ಪರೀಕ್ಷಕರ ಕೈಗೆ ಕೊಟ್ಟು, ಒಂದು ವರ್ಷಕ್ಕೂ ಮೇಲ್ಪಟ್ಟ ಅವಧಿಯ ತರುವಾಯ ಅವೇ ಪತ್ರಿಕೆಗಳನ್ನು ಅವರಲ್ಲಿ ೧೪ ಮಂದಿಗೆ ಮತ್ತೆ ಕೊಡಲಾಯಿತು. ಒಟ್ಟು ೨೧೦ ತೀರ್ಪುಗಳು. ಅವುಗಳಲ್ಲಿ ೯೨ರಲ್ಲಿ ಪರೀಕ್ಷಕರ ಎರಡನೆಯ ತೀರ್ಪು ಮೊದಲಿನದಕ್ಕಿಂತ ಬೇರೆಯಾಗಿತ್ತು. ಇಲ್ಲಿ ಒಬ್ಬ ಪರೀಕ್ಷಕ ಇನ್ನೊಬ್ಬನನ್ನು ಒಪ್ಪಲಿಲ್ಲ ಎಂಬುದಲ್ಲ ವಿಷಯ. ತನ್ನನ್ನು ತಾನೇ ಒಪ್ಪಲಿಲ್ಲ.

ಭೌತವಿಜ್ಞಾನದವರಾದ ನಮಗೆ ಇಲ್ಲಿ ಖಗೋಳಶಾಸ್ತ್ರದ ಒಂದು ಹಳೆಯ ಕಥೆ ನೆನಪಾಗುತ್ತದೆ. ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದ ಮ್ಯಾಸ್ಕೆಲೈನ್ ೧೭೯೬ರಲ್ಲಿ ಕಿನ್ನೆಬ್ರೂಕ್ ಎಂಬ ತನ್ನ ಸಹಾಯಕನನ್ನು ಕೆಲಸದಿಂದ ಬಿಡಿಸಿದನು. ನಕ್ಷತ್ರವು ದೂರದರ್ಶಕದ ತಂತಿಯನ್ನು ದಾಟುವ ಗಳಿಗೆಯನ್ನು ಆ ಸಹಾಯಕನು ತನಗಿಂತ ಸೆಕೆಂಡಿನ ಹತ್ತರಲ್ಲಿ ಎಂಟು ಭಾಗದಷ್ಟು ತಡವಾಗಿ ಗುರುತಿಸುತ್ತಿದ್ದನೆಂಬುದೇ ಕಾರಣ. ಸುಮಾರು ಕಾಲು ಶತಮಾನದ ಮೇಲೆ ಜರ್ಮನಿಯ ಬೆಸೆಲ್ ಈ ಸಂಗತಿಯನ್ನು ಓದಿ ಬೇರೊಂದು ಪ್ರಶ್ನೆ ಕೇಳಿದನು: ತಪ್ಪು ಸಹಾಯಕನದೇ ಎಂದು ಹೇಗೆ ಗೊತ್ತು? ೧೮೨೦ರಲ್ಲಿ ಅವನು ತನ್ನ ವೀಕ್ಷಣೆಗಳನ್ನು ಇನ್ನೊಬ್ಬ ನುರಿತ ಖಗೋಳಜ್ಞನ ವೀಕ್ಷಣೆಗಳೊಂದಿಗೆ ಹೋಲಿಸಿ ನೋಡಿದಾಗ ಇಬ್ಬರ ನಡುವೆ ಒಂದು ಸೆಕೆಂಡಿಗೂ ಹೆಚ್ಚಿನ ಅಂತರವಿತ್ತು. ಇಬ್ಬರೂ ಎಚ್ಚರಿಕೆಯುಳ್ಳವರೇ. ಪ್ರತಿಯೊಬ್ಬ ವೀಕ್ಷಕನಿಗೂ ಅವನದೇ ಆದ, ಹೆಚ್ಚು ಕಡಮೆ ಸ್ಥಿರವಾದ ಒಂದು ಅಂತರ ಇರುತ್ತದೆ ಎಂದು ಗೊತ್ತಾಗಿ, ಅದಕ್ಕೆ ‘ವೈಯಕ್ತಿಕ ಸಮೀಕರಣ’ ಎಂಬ ಹೆಸರು ಬಂದಿತು. ಅಂದಿನಿಂದ ಖಗೋಳಜ್ಞರು ಅದನ್ನು ಅಳೆದು, ಕಳೆದು, ಮುಂದೆ ಹೋದರು. ಬಡಪಾಯಿ ಕಿನ್ನೆಬ್ರೂಕನ ಕೆಲಸವೇನೋ ಹೋದದ್ದು ಹೋಯಿತು.

ಪರೀಕ್ಷಕನಿಗೂ ವೈಯಕ್ತಿಕ ಸಮೀಕರಣವುಂಟು. ಎಲ್ಲರಿಗೂ ಸಮಾನವಾಗಿ ಐದು ಅಂಕ ಕಡಮೆ ಕೊಡುವ ಬಿಗಿಮುಷ್ಟಿಯ ಪರೀಕ್ಷಕನಿಂದ, ಅವನ ಕಟ್ಟಿನೊಳಗೆ, ಅಷ್ಟೇನೂ ಅನ್ಯಾಯವಾಗದು. ಅದು ಶೂನ್ಯದೋಷ, ತಿಳಿದರೆ ತಿದ್ದಬಹುದು. ಹಸಿವು, ನಿದ್ರೆ, ಸಂಜೆಯ ಮಂಪರುಗಳಿಂದ ಒಮ್ಮೆ ಹೆಚ್ಚಾಗಿ ಒಮ್ಮೆ ಕಡಮೆಯಾಗಿ ಬರುವುದು ಯಾದೃಚ್ಛಿಕ ದೋಷ; ನಾಲ್ವರು ಪರೀಕ್ಷಕರ ಸರಾಸರಿ ತೆಗೆದರೆ ಅದು ಅರ್ಧಕ್ಕೆ ಇಳಿಯುತ್ತದೆ. ನಿಜವಾಗಿ ಅಂಜಬೇಕಾದದ್ದು ಮೂರನೆಯ ಬಗೆಗೆ: ಒಬ್ಬ ವಿದ್ಯಾರ್ಥಿಯ ಪತ್ರಿಕೆಯ ಮೇಲೆ ಒಂದು ರೀತಿಯಾಗಿಯೂ ಇನ್ನೊಬ್ಬನ ಪತ್ರಿಕೆಯ ಮೇಲೆ ಇನ್ನೊಂದು ರೀತಿಯಾಗಿಯೂ ವಾಲುವ ದೋಷ. ಸರಾಸರಿಯಿಂದ ಇದು ಹೋಗದು. ಏಕೆಂದರೆ ನಾಲ್ವರು ಪರೀಕ್ಷಕರೂ ಒಂದೇ ಕಡೆಗೆ ವಾಲಬಹುದು.

ಉದಾಹರಣೆಯೊಂದನ್ನು ನೋಡೋಣ. ‘ಕುದಿಯುವ ನೀರು ಸುಡುವುದಕ್ಕಿಂತ ಉಗಿಯು ಹೆಚ್ಚು ಉಗ್ರವಾಗಿ ಸುಡುತ್ತದೆ, ಕಾರಣ ಕೊಡಿ’ ಎಂಬುದು ಪ್ರಶ್ನೆ. ಈ ಮುಂದಿನ ಎರಡು ಉತ್ತರಗಳನ್ನು ನಾವೇ ಕಟ್ಟಿದ್ದೇವೆ. ಆದರೆ ಮೌಲ್ಯಮಾಪನಕ್ಕೆ ಕುಳಿತವರೆಲ್ಲರಿಗೂ ಇಂಥವುಗಳ ಪರಿಚಯವುಂಟು. ಮೊದಲನೆಯದು ಒಂದೂವರೆ ಪುಟ. ಇಂಗ್ಲಿಷು ನಿರರ್ಗಳ, ಅಕ್ಷರ ಮುತ್ತು. ವಸ್ತುವಿನ ಮೂರು ಸ್ಥಿತಿಗಳು, ಅಣುಗಳ ಚಲನೆ, ಉಗಿಯಂತ್ರದ ಮಹಿಮೆ ಎಲ್ಲವೂ ಬಂದು ಕೊನೆಯಲ್ಲಿ, ಉಗಿಯ ಉಷ್ಣತೆಯು ಕುದಿಯುವ ನೀರಿನ ಉಷ್ಣತೆಗಿಂತ ಬಹಳ ಅಧಿಕವಾದುದರಿಂದ ಅದು ಹೆಚ್ಚು ಸುಡುತ್ತದೆಂದು ಮುಗಿಯುತ್ತದೆ. ಎರಡನೆಯದು ನಾಲ್ಕು ಸಾಲು. ಕ್ರಿಯಾಪದಗಳು ಕರ್ತೃವಿಗೆ ಹೊಂದುವುದಿಲ್ಲ, ಕಾಗುಣಿತ ಎರಡು ಕಡೆ ತಪ್ಪಿದೆ. ಅದರ ಸಾರವನ್ನು ಕನ್ನಡದಲ್ಲಿ ಹೇಳುವುದಾದರೆ: ‘ನೀರು ಉಗಿಯಾಗುವಾಗ ಶಾಖ ತೆಗೆದುಕೊಂಡಿದೆ. ಮೈಗೆ ತಾಗಿದರೆ ತಿರುಗಿ ನೀರಾಗುತ್ತದೆ. ತೆಗೆದುಕೊಂಡ ಶಾಖ ಮೈಗೆ ಬಿಡುತ್ತದೆ. ಅದಕ್ಕೇ ಜಾಸ್ತಿ ಸುಡುವುದು.’

ಭೌತವಿಜ್ಞಾನ ಯಾವ ಉತ್ತರದಲ್ಲಿದೆ? ಸಾಮಾನ್ಯ ಒತ್ತಡದಲ್ಲಿ ಕುದಿಯುವ ನೀರೂ ಅದರಿಂದೇಳುವ ಉಗಿಯೂ ೧೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಇರುತ್ತವೆ. ಒಂದು ಗ್ರಾಂ ಕುದಿನೀರು ಮೈಯ ಉಷ್ಣತೆಯಾದ ೩೭ ಡಿಗ್ರಿಗೆ ಇಳಿಯುವಾಗ ಬಿಟ್ಟುಕೊಡುವ ಶಾಖ ೬೩ ಕ್ಯಾಲೊರಿ. ಒಂದು ಗ್ರಾಂ ಉಗಿಯಾದರೋ ಮೊದಲು ನೀರಾಗುವಾಗ ಸುಮಾರು ೫೪೦ ಕ್ಯಾಲೊರಿ ಗುಪ್ತೋಷ್ಣವನ್ನು ಬಿಟ್ಟು, ಆಮೇಲೆ ಆ ೬೩ನ್ನೂ ಬಿಡುತ್ತದೆ. ಒಟ್ಟು ೬೦೩, ಅಂದರೆ ಸುಮಾರು ಒಂಬತ್ತೂವರೆ ಪಟ್ಟು. ಎರಡನೆಯ ಉತ್ತರದಲ್ಲಿ ಸಂಖ್ಯೆಗಳಿಲ್ಲ, ‘ಗುಪ್ತೋಷ್ಣ’ ಎಂಬ ಹೆಸರೂ ಇಲ್ಲ, ಆದರೆ ಕಾರಣವಿದೆ. ಮೊದಲನೆಯದರಲ್ಲಿ ಕಾರಣವೊಂದನ್ನು ಬಿಟ್ಟು ಉಳಿದುದೆಲ್ಲವೂ ಇದೆ. ಐದು ಅಂಕಗಳಲ್ಲಿ ಮೊದಲನೆಯದಕ್ಕೆ ಮೂರು, ಎರಡನೆಯದಕ್ಕೆ ಎರಡು ಬೀಳುವುದು ಅಪರೂಪವೇನಲ್ಲ. ನಮ್ಮ ಲೆಕ್ಕದಲ್ಲಿ ಎರಡನೆಯದಕ್ಕೆ ಮೂರೂವರೆ ಸಲ್ಲಬೇಕು. ಮೊದಲನೆಯದಕ್ಕೆ ಒಂದು ಕೊಟ್ಟರೆ ಅದು ಔದಾರ್ಯ.

ಫಾರ್ಟಿನ್ ವಾಯುಭಾರಮಾಪಕವನ್ನು ಬಳಸಿದವರಿಗೆ ಈ ದೋಷದ ಸ್ವರೂಪ ಬೇಗ ತಿಳಿಯುತ್ತದೆ. ಅದು ಅಳೆಯಬೇಕಾದದ್ದು ಗಾಳಿಯ ಒತ್ತಡವನ್ನು. ಆದರೆ ಕೋಣೆ ಬಿಸಿಯಾದರೆ ಪಾದರಸ ಹಿಗ್ಗಿ, ಒತ್ತಡ ಬದಲಾಗದಿದ್ದರೂ ಕಂಬ ಏರುತ್ತದೆ. ಆದಕಾರಣ ಪಕ್ಕದಲ್ಲಿ ಉಷ್ಣತಾಮಾಪಕವೊಂದನ್ನು ಇಟ್ಟು, ಉಷ್ಣತೆಯ ಪಾಲನ್ನು ಲೆಕ್ಕ ಹಾಕಿ ತೆಗೆದುಹಾಕುತ್ತೇವೆ. ಭೌತವಿಜ್ಞಾನದ ಉತ್ತರಪತ್ರಿಕೆಯು ಭೌತವಿಜ್ಞಾನವನ್ನು ಅಳೆಯಬೇಕು. ಅದು ಇಂಗ್ಲಿಷಿನ ಬಿಸಿಗೂ ಏರುತ್ತದೆ. ಈ ಪಾಲನ್ನು ಬೇರೆ ಮಾಡಿ ಬರೆದಿಡದೆ, ಒಟ್ಟು ಕಂಬದ ಎತ್ತರವನ್ನೇ ‘ಒತ್ತಡ’ ಎಂದು ಘೋಷಿಸುವುದು ನಮ್ಮ ಪದ್ಧತಿಯಾಗಿದೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ನಮ್ಮ ವಿದ್ಯಾರ್ಥಿ ಮಿತ್ರರು ತಪ್ಪು ತಿಳಿಯಬಹುದು. ಭಾಷೆಯ ತಪ್ಪೆಲ್ಲವೂ ಕ್ಷಮಾರ್ಹವಲ್ಲ. ‘ಟೆಂಪರೇಚರ್’ ಎಂಬ ಪದದ ಕಾಗುಣಿತ ತಪ್ಪಿದರೆ ಅದು ಭಾಷೆಯ ತಪ್ಪು. ಭೌತವಿಜ್ಞಾನಕ್ಕೆ ಅದರಿಂದ ನಷ್ಟವಿಲ್ಲ. ಆದರೆ ಉಷ್ಣತೆ ಎನ್ನಬೇಕಾದಲ್ಲಿ ಶಾಖ ಎಂದು ಬರೆದರೆ? ಮನೆಯ ಮಾತಿನಲ್ಲಿ ಎರಡಕ್ಕೂ ‘ಬಿಸಿ’ ಎಂದರೆ ಸಾಕು. ನಮ್ಮ ಅಜ್ಜಿಯರು ಆ ಒಂದೇ ಮಾತಿನಲ್ಲಿ ಅಚ್ಚುಕಟ್ಟಾಗಿ ಅಡುಗೆ ಮಾಡಿದರು. ಭೌತವಿಜ್ಞಾನ ಹುಟ್ಟುವುದಾದರೋ ಆ ಎರಡನ್ನೂ ಬೇರೆ ಮಾಡಿದ ಮೇಲೆಯೇ. ತೂಕ ಮತ್ತು ದ್ರವ್ಯರಾಶಿ, ಬಲ ಮತ್ತು ಒತ್ತಡ, ಜವ ಮತ್ತು ವೇಗ ಇವುಗಳ ವಿಷಯವೂ ಹಾಗೆಯೇ. ಇಂಥ ಪದಗಳಲ್ಲಿ ತಪ್ಪಿದವನಿಗೆ, ಅವನು ಎಲ್ಲಿಂದ ಬಂದವನೇ ಆಗಿರಲಿ, ಅಂಕ ಕಳೆಯಲೇಬೇಕು. ಕನಿಕರದಿಂದ ಬಿಟ್ಟುಕೊಟ್ಟರೆ ಅವನಿಗೆ ಕಲಿಸಬೇಕಾದುದನ್ನೇ ಕಲಿಸದೆ ಕಳುಹಿಸಿದಂತಾಗುತ್ತದೆ. ಗೆರೆ ಎಲ್ಲಿದೆ ಎಂಬುದನ್ನು ಪ್ರತಿ ಸಲವೂ ಥಟ್ಟನೆ ಹೇಳುವುದು ಸುಲಭವಲ್ಲ. ಆದರೂ ಗೆರೆಯೊಂದು ಇದೆ.

ಮಟ್ಟದ ಭೇದವನ್ನು ಕಂಡು ಮರುಗುವ ಅಧ್ಯಾಪಕರು ಸಾಮಾನ್ಯವಾಗಿ ಹಿಡಿಯುವ ದಾರಿ ಬೇರೆ. ‘ಪಾಪ, ಹಳ್ಳಿಯಿಂದ ಬಂದವಳು, ಇಷ್ಟು ಬರೆದದ್ದೇ ಹೆಚ್ಚು’ ಎಂದು ಎರಡು ಅಂಕ ಸೇರಿಸುತ್ತಾರೆ. ಇವರಿಗೆ ಎದುರು ಬದಿಯಲ್ಲಿ, ‘ಇವನಿಂದ ಇನ್ನೂ ಹೆಚ್ಚಿನದನ್ನು ನಿರೀಕ್ಷಿಸಿದ್ದೆ’ ಎಂದು ಜಾಣನ ಎರಡು ಅಂಕ ಕಳೆಯುವವರೂ ಇದ್ದಾರೆ. ಇಬ್ಬರ ಉದ್ದೇಶವೂ ಒಳ್ಳೆಯದೇ. ಆದರೆ ಕೊಟ್ಟ ಸಂಖ್ಯೆಗೆ ಈಗ ಅರ್ಥವೇನು? ಅವಳ ಮೂವತ್ತೈದೂ ಅವನ ಮೂವತ್ತೈದೂ ಒಂದೇ ವಸ್ತುವಲ್ಲ. ಮುಂದಿನ ತರಗತಿಯ ಅಧ್ಯಾಪಕನು ಆ ಸಂಖ್ಯೆಯನ್ನು ನಂಬಿ ಪಾಠ ಆರಂಭಿಸುತ್ತಾನೆ. ಆಗ ಎಡವುವವಳು ಅವಳೇ.

ನಮ್ಮ ಸಂತೆಗಳಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡಿದ್ದ ಕಾಲವೊಂದಿತ್ತು. ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಅಧಿನಿಯಮ ಬಂದು, ಮೆಟ್ರಿಕ್ ಪದ್ಧತಿ ಕ್ರಮಕ್ರಮವಾಗಿ ಜಾರಿಯಾಗಿ ಆ ಗೊಂದಲ ತಪ್ಪಿತು. ಆದರೆ ಸೇರಿನ ಕಾಲದಲ್ಲಿಯೂ ದಯಾವಂತನಾದ ವ್ಯಾಪಾರಿಯೊಬ್ಬನು ಬಡವಿಗೆ ಹೆಚ್ಚು ಕೊಡಬೇಕೆಂದರೆ ಸೇರನ್ನೇ ದೊಡ್ಡದು ಮಾಡುತ್ತಿರಲಿಲ್ಲ. ಎಲ್ಲರಿಗೂ ಅಳೆಯುವ ಸೇರಿನಿಂದಲೇ ತಲೆ ಸವರಿ ಅಳೆದು, ಆಮೇಲೆ ಎಲ್ಲರೂ ಕಾಣುವಂತೆ ಒಂದು ಹಿಡಿ ಕೊಸರು ಹಾಕುತ್ತಿದ್ದನು. ಎಷ್ಟು ಅಳತೆ, ಎಷ್ಟು ಕೊಸರು ಎಂಬುದು ಕೊಂಡವಳಿಗೂ ಗೊತ್ತು, ಕೊಟ್ಟವನಿಗೂ ಗೊತ್ತು. ಅಂಕಗಳ ವಿಷಯದಲ್ಲಿ ನಾವು ಬಯಸುವುದೂ ಇದನ್ನೇ. ಅಧ್ಯಾಪಕನ ಕರುಣೆ ಪಾಠದ ಹೊತ್ತಿಗೆ ಹೋಗಲಿ, ಉತ್ತರದ ಅಂಚಿನಲ್ಲಿ ಬರೆಯುವ ಎರಡು ಸಾಲಿಗೆ ಹೋಗಲಿ, ತಿದ್ದಿ ಮತ್ತೊಮ್ಮೆ ಬರೆದು ತರಲು ಕೊಡುವ ಅವಕಾಶಕ್ಕೆ ಹೋಗಲಿ. ಸೇರಿನೊಳಕ್ಕೆ ಹೋಗದಿರಲಿ.

ಹಾಗಾದರೆ ಕೆಳಗಿನಿಂದ ಹತ್ತಿ ಬಂದವಳ ಶ್ರಮಕ್ಕೆ ಲೆಕ್ಕವೇ ಇಲ್ಲವೆ ಎಂದು ವಾಚಕರು ಕೇಳುವರು. ಇದೆ, ಆದರೆ ಅದು ಬೇರೊಂದು ರಾಶಿ. ಉಷ್ಣತೆ ಬೇರೆ, ಉಷ್ಣತೆಯ ಏರಿಕೆ ಬೇರೆ. ೨೦ ಡಿಗ್ರಿಯಿಂದ ೫೦ಕ್ಕೆ ಏರಿದ ನೀರು, ೬೦ರಿಂದ ೬೫ಕ್ಕೆ ಏರಿದ ನೀರಿಗಿಂತ ಇನ್ನೂ ತಂಪಾಗಿಯೇ ಇದೆ. ಆದರೆ ಅಷ್ಟೇ ನೀರಿನ ಆರು ಪಟ್ಟು ಶಾಖವನ್ನು ಅದು ಹೀರಿಕೊಂಡಿದೆ. ಎರಡು ವಾಕ್ಯಗಳೂ ನಿಜ. ಜೂನ್ ತಿಂಗಳ ಬರವಣಿಗೆಯನ್ನೂ ಫೆಬ್ರವರಿಯ ಬರವಣಿಗೆಯನ್ನೂ ಒಂದೇ ಸೇರಿನಲ್ಲಿ ಅಳೆದು, ಎರಡನ್ನೂ ಅವುಗಳ ವ್ಯತ್ಯಾಸವನ್ನೂ ಅಕ್ಕಪಕ್ಕದಲ್ಲಿ ಬರೆದರೆ, ಹತ್ತಿ ಬಂದವಳಿಗೂ ನ್ಯಾಯ, ಮೊದಲೇ ಮೇಲಿದ್ದವನಿಗೂ ನ್ಯಾಯ. ಮೇಲಿದ್ದವನು ವರ್ಷವಿಡೀ ಅಲ್ಲಿಯೇ ಕುಳಿತಿದ್ದರೆ ಅದೂ ಕಾಣುತ್ತದೆ. ತರಗತಿಯ ಸರಾಸರಿಗೆ ಹೋಲಿಸಿ ಶ್ರೇಣಿ ಕೊಡುವ ಪದ್ಧತಿಯಿಂದ ಇದು ಸಾಧ್ಯವಿಲ್ಲ. ಅಲ್ಲಿ ನನ್ನ ಅಂಕವು ಪಕ್ಕದವನ ಜ್ವರವನ್ನು ಅವಲಂಬಿಸುತ್ತದೆ.

ಇನ್ನು ಸೇರನ್ನು ಸೇರಾಗಿಯೇ ಉಳಿಸಿಕೊಳ್ಳುವ ಉಪಾಯಗಳು. ನಾವು ಕಾಲೇಜಿನ ಕಿರುಪರೀಕ್ಷೆಗಳಲ್ಲಿ ಉತ್ತರಪತ್ರಿಕೆಯ ಮೊದಲ ಪುಟವನ್ನು ಮಡಿಸಿ ಹೆಸರು ಕಾಣದಂತೆ ಮಾಡಿಕೊಳ್ಳುತ್ತೇವೆ. ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞನು ೧೯೨೦ರಲ್ಲಿ ಸೈನ್ಯಾಧಿಕಾರಿಗಳ ಮೌಲ್ಯಮಾಪನದಲ್ಲಿ ತೋರಿಸಿದಂತೆ, ಒಬ್ಬನ ಒಂದು ಗುಣ ಹಿಡಿಸಿತೆಂದರೆ ಅವನ ಉಳಿದ ಗುಣಗಳೂ ಹೆಚ್ಚಾಗಿಯೇ ಕಾಣುತ್ತವೆ. ಹೆಸರು ಕಂಡೊಡನೆ ಈ ಪ್ರಭೆ ಬೆಳಗತೊಡಗುತ್ತದೆ. ಎರಡನೆಯದಾಗಿ, ಒಬ್ಬನ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ಬದಲು ಎಲ್ಲರ ಮೊದಲ ಉತ್ತರವನ್ನೂ ನೋಡಿ, ಕಟ್ಟನ್ನು ಕಲಸಿ, ಆಮೇಲೆ ಎಲ್ಲರ ಎರಡನೆಯ ಉತ್ತರಕ್ಕೆ ಹೋಗುತ್ತೇವೆ. ಅತ್ಯುತ್ತಮ ಪತ್ರಿಕೆಯೊಂದರ ಹಿಂದೆಯೇ ಬಂದ ಸಾಧಾರಣ ಪತ್ರಿಕೆಯು ಕಳಪೆಯಾಗಿ ಕಾಣುವುದು ಕಣ್ಣಿನ ಸಹಜ ಮೋಸ. ನಡುವೆ ಮೊದಲ ಹತ್ತು ಪತ್ರಿಕೆಗಳಿಗೆ ಹಿಂದಿರುಗಿ, ಕೊಟ್ಟ ಅಂಕವನ್ನು ಮುಚ್ಚಿಕೊಂಡು ಮತ್ತೊಮ್ಮೆ ಕೊಟ್ಟು ನೋಡುವುದು ನಮ್ಮ ಶೂನ್ಯದೋಷದ ಪರೀಕ್ಷೆ. ಎಂಬತ್ತು ಮಂದಿಯ ತರಗತಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಸಹೋದ್ಯೋಗಿಗಳು ನಗುವುದುಂಟು. ಸಮಯ ಬೇಕು, ನಿಜ. ಒಂದು ಪ್ರಯೋಗವನ್ನು ಮೂರು ಸಲ ಮಾಡಿ ಎಂದು ವಿದ್ಯಾರ್ಥಿಗೆ ಹೇಳುವಾಗ ನಮಗೆ ಆ ಯೋಚನೆ ಬರುವುದಿಲ್ಲ.

ಯಂತ್ರವನ್ನೇ ಪರೀಕ್ಷಕನನ್ನಾಗಿ ಮಾಡಿದರೆ ಹೇಗೆ? ಅಮೆರಿಕದ ಎಲಿಸ್ ಪೇಜ್ ೧೯೬೬ರಷ್ಟು ಹಿಂದೆಯೇ ಗಣಕಯಂತ್ರದಿಂದ ಪ್ರಬಂಧಗಳಿಗೆ ಅಂಕ ಕೊಡಿಸುವ ಯತ್ನ ಮಾಡಿದ್ದನು. ಆ ಯಂತ್ರ ಪ್ರಬಂಧದ ಅರ್ಥವನ್ನು ನೋಡುತ್ತಿರಲಿಲ್ಲ. ಉದ್ದ, ಪದಗಳ ಗಾತ್ರ ಮುಂತಾದ ಎಣಿಸಬಹುದಾದ ಹೊರಗುರುತುಗಳನ್ನು ಎಣಿಸುತ್ತಿತ್ತು. ಇಂದಿನ ಯಂತ್ರಗಳು ಅದಕ್ಕಿಂತ ಬಹಳ ಮುಂದೆ ಬಂದಿವೆ. ಅವಕ್ಕೆ ಹಸಿವಿಲ್ಲ, ನಿದ್ರೆಯಿಲ್ಲ. ಆದರೆ ಯಾದೃಚ್ಛಿಕ ದೋಷ ಇಲ್ಲದ ಮಾತ್ರಕ್ಕೆ ಸೊನ್ನೆ ಸರಿಯಿದೆಯೆಂದು ಹೇಳಲಾಗದು. ನಮ್ಮ ಉಗಿಯ ಉತ್ತರಗಳೆರಡನ್ನೂ ಮೊದಲು ಅವಕ್ಕೆ ಓದಲು ಕೊಟ್ಟು ನೋಡಬೇಕು.

ಇವೆಲ್ಲಕ್ಕಿಂತ ನೇರವಾದ ಪರಿಹಾರವೊಂದುಂಟು: ವಾಯುಭಾರಮಾಪಕದ ಕೋಣೆಯನ್ನೇ ತಂಪಾಗಿಡುವುದು. ವಿದ್ಯಾರ್ಥಿಗೆ ಯಾವ ಭಾಷೆಯಲ್ಲಿ ಯೋಚನೆ ಓಡುತ್ತದೆಯೋ ಆ ಭಾಷೆಯಲ್ಲಿಯೇ ಬರೆಯಲು ಬಿಟ್ಟರೆ ತಿದ್ದುಪಡಿಯ ಅಗತ್ಯವೇ ಅರ್ಧಕ್ಕರ್ಧ ತಪ್ಪುತ್ತದೆ. ಬೋಧನೆ ಇಂಗ್ಲಿಷಿನಲ್ಲಿ ನಡೆದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಅವಕಾಶ ಕೊಡಿರೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಅಧ್ಯಕ್ಷರು ೨೦೨೩ರ ಏಪ್ರಿಲಿನಲ್ಲಿ ವಿಶ್ವವಿದ್ಯಾನಿಲಯಗಳನ್ನು ಕೋರಿದರು. ಕನ್ನಡದಲ್ಲಿ ವಿಜ್ಞಾನ ಬರೆಯಬಹುದೇ ಎಂಬ ಸಂಶಯಕ್ಕೆ ಈಗ ಎಡೆಯಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನೂರು ವರ್ಷಗಳಿಗೂ ಹಿಂದೆಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಡೆಸಿ ತೋರಿಸಿದ್ದಾರೆ. ಕೊರತೆಯಿರುವುದು ಕನ್ನಡದಲ್ಲಿ ಬರೆದ ಉತ್ತರವನ್ನು ಅಷ್ಟೇ ಗೌರವದಿಂದ ಓದಿ ಬೆಲೆ ಕಟ್ಟುವ ಪರೀಕ್ಷಕರದು. ಅವಕಾಶ ಕೊಟ್ಟು, ಆಮೇಲೆ ಅದನ್ನು ಬಳಸಿದವರನ್ನು ಕೀಳಾಗಿ ಕಂಡರೆ ಕೋಣೆ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ.

ವಿದ್ಯಾರ್ಥಿಗಳು ಇಷ್ಟರಲ್ಲಿ ತಾವೇ ಮಾಡಬಹುದಾದದ್ದೂ ಇದೆ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕಿನ ಅಧಿನಿಯಮದ ಮೇರೆಗೆ ಅಭ್ಯರ್ಥಿಗೆ ಉಂಟೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. ಪ್ರತಿ ಕೈಗೆ ಬಂದಾಗ ಒಟ್ಟು ಅಂಕವನ್ನು ಕೂಡಿ ನೋಡುವುದರಲ್ಲಿಯೇ ಬಹುಮಂದಿ ನಿಲ್ಲುತ್ತಾರೆ. ಅದರ ಜೊತೆಗೆ, ಅಂಕ ಹೋದ ಪ್ರತಿಯೊಂದು ಎಡೆಯಲ್ಲಿಯೂ ಕೆಂಪು ಗೆರೆ ಬಿದ್ದಿರುವುದು ಕಾಗುಣಿತದ ಕೆಳಗೋ, ಕಾರಣದ ಕೆಳಗೋ ಎಂದು ಬೇರೆ ಬೇರೆಯಾಗಿ ಪಟ್ಟಿ ಮಾಡಿ. ಎರಡನೆಯ ಪಟ್ಟಿಯನ್ನು ಹಿಡಿದುಕೊಂಡು ಓದಲು ಕುಳಿತುಕೊಳ್ಳಿ. ಮೊದಲನೆಯ ಪಟ್ಟಿಯನ್ನು ಹಿಡಿದುಕೊಂಡು ನಿಮ್ಮ ಅಧ್ಯಾಪಕರ ಕೋಣೆಗೆ ಬನ್ನಿ.